ಕೋಟು ನೋಡಿ ಆಳನ್ನು ಅಳೆದ ಟೈಲರಮ್ಮ

ನಮ್ಮ ಬೀದಿಯ ಟೈಲರಮ್ಮನಿಗೆ ಒಂದು ಚಟ. ಎದುರಿಗೆ ಯಾರೇ ಬರಲಿ, ಮುಖಕ್ಕಿಂತ ಮೊದಲು ಹೊಲಿಗೆ ನೋಡುತ್ತಾರೆ. ಕಾಲರ್ ನೆಟ್ಟಗಿದ್ದರೆ ಆಸಾಮಿಯೂ ನೆಟ್ಟಗೆ, ಗುಂಡಿ ಕಿತ್ತುಹೋಗಿದ್ದರೆ ನಡತೆಯೂ ಸಡಿಲ. ಇದು ಅವರ ಲೆಕ್ಕಾಚಾರ. ಬಟ್ಟೆಯ ವಿಷಯದಲ್ಲಿ ಆ ಕಣ್ಣು ಎಂದೂ ತಪ್ಪಿದ್ದಿಲ್ಲ. ಆಳಿನ ವಿಷಯದಲ್ಲಿ ಏನಾಯಿತು ಕೇಳಿ.

ದೂರದ ಊರಿನಲ್ಲಿರುವ ಅವರ ಮಗಳಿಗೆ ಹೃದಯದ ಆಪರೇಷನ್ ಎಂದು ಗೊತ್ತಾಗಿತ್ತು. "ನೀನು ಬಂದು ಕೈ ಹಿಡಿಯೋವರೆಗೂ ನಾನು ಒಳಗೆ ಹೋಗಲ್ಲಮ್ಮ" ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಆಪರೇಷನ್ ಮರುದಿನ ಬೆಳಿಗ್ಗೆಯೇ. ರೈಲು ಹಿಡಿದರೆ ತಲುಪುವಂತಿರಲಿಲ್ಲ. ಟೈಲರಮ್ಮ ಮತ್ತು ಯಜಮಾನರು ಮೊದಲ ಸಲ ವಿಮಾನಕ್ಕೆ ಟಿಕೆಟ್ ಮಾಡಿಸಿದರು.

ಹೊರಡುವ ದಿನ ಟೈಲರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬ್ಯಾಗಿನ ಜಿಪ್ ಎಳೆಯುವುದು, ಮತ್ತೆ ತೆಗೆಯುವುದು. ಅಷ್ಟರಲ್ಲಿ ನಾದಿನಿ ಅಂಗಡಿಗೆ ಬಂದಳು. ಅವಳಿಗೆ ವಿಮಾನ ನಿಲ್ದಾಣದಲ್ಲೇ ಕೆಲಸ, ಹೆಂಗಸರನ್ನು ತಪಾಸಣೆ ಮಾಡುವುದು. ಆ ದಿನ ಅವಳಿಗೆ ರಜೆ.

"ಅತ್ತಿಗೆ, ಬ್ಯಾಗಿಂದ ಕತ್ತರಿ ತೆಗೆದಿಟ್ರಾ?"

"ತೆಗೆದೆ ಕಣೆ. ಅಲ್ಲ, ನನ್ನಂಥ ಮುದುಕಿನೂ ತಡಕಬೇಕಾ ನೀವು? ನೋಡಿದ್ರೆ ಗೊತ್ತಾಗಲ್ವಾ ಯಾರು ಕಳ್ಳ, ಯಾರು ಸಾಚಾ ಅಂತ? ಅನುಮಾನ ಬರೋ ಮುಖಗಳನ್ನ ಹಿಡಿದು ಜಾಲಾಡಿ, ಉಳಿದವರನ್ನ ಬಿಟ್ಬಿಡಿ. ಸಾಲೂ ಬೇಗ ಕರಗುತ್ತೆ."

"ಅವಳು ಹೇಳೋದೂ ಸರಿನೇ ಅಲ್ವೇನಮ್ಮ?" ಎಂದರು ಯಜಮಾನರು.

"ಹಾಗನ್ನೋರು ನಮ್ಮಲ್ಲೂ ಇದ್ದಾರೆ ಅಣ್ಣ. ಅದಕ್ಕೇ ನಮ್ಮಲ್ಲಿ ದಿನಾ ವಾದ. ಆದ್ರೆ ನೀವೇ ಹೇಳಿ, ಗಡ್ಡ ಇರೋರನ್ನ ಮಾತ್ರ ಹಿಡೀತಾರೆ ಅಂತ ಗೊತ್ತಾದ್ರೆ ಕೆಟ್ಟ ಕೆಲಸಕ್ಕೆ ಹೊರಟೋನು ಮೊದಲು ಏನು ಮಾಡ್ತಾನೆ?"

"ಗಡ್ಡ ಬೋಳಿಸ್ತಾನೆ."

"ಅಷ್ಟೇ. ಏನೂ ಮಾಡದ ಗಡ್ಡದೋನು ಪ್ರತಿ ಸಲ ಎಲ್ಲರೆದುರು ಕೈ ಎತ್ತಿ ನಿಂತಿರ್ತಾನೆ. ಮುಖ ನೋಡಬಾರದು ಅತ್ತಿಗೆ, ಸಾಮಾನು ನೋಡಬೇಕು, ನಡವಳಿಕೆ ನೋಡಬೇಕು. ಇನ್ನೊಂದು ಮಾತು. ಅಲ್ಲಿ ಯಾರು ಏನು ಕೊಟ್ರೂ ಇಸ್ಕೋಬೇಡಿ."

"ಆಯ್ತು ಬಿಡು. ನನಗೆ ಆಳು ಗೊತ್ತಾಗುತ್ತೆ."

ನಿಲ್ದಾಣದಲ್ಲಿ ಉದ್ದನೆಯ ಸಾಲು. ಟೈಲರಮ್ಮ ಗಡಿಯಾರ ನೋಡುತ್ತಾರೆ, ಹಿಂದೆ ನೋಡುತ್ತಾರೆ, ಮತ್ತೆ ಗಡಿಯಾರ. ಅವರ ಹಿಂದೆ ಒಬ್ಬ ಗಡ್ಡದ ಯುವಕ. ಮೈಮೇಲೆ ದೊಗಳೆ ಕೋಟು, ಭುಜ ಜಾರಿದೆ, ಒಂದು ಗುಂಡಿ ಇಲ್ಲ. ಅವನೂ ಚಡಪಡಿಸುತ್ತಿದ್ದ. ಟೈಲರಮ್ಮನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು.

"ರೀ, ಆ ಕೋಟು ಅವನದ್ದಲ್ಲ. ಒಳಗೆ ಏನೋ ಬಚ್ಚಿಟ್ಟಿದ್ದಾನೆ."

"ನಿನಗ್ಯಾಕೆ? ಸುಮ್ನಿರು."

ಸುಮ್ಮನಿದ್ದರೆ ಅವರು ಟೈಲರಮ್ಮ ಹೇಗಾದಾರು? ಪಕ್ಕದಲ್ಲಿ ಹಾದುಹೋದ ಗಾರ್ಡಿನ ಕಿವಿಯಲ್ಲಿ ಪಿಸುಗುಟ್ಟೇ ಬಿಟ್ಟರು. ಗಾರ್ಡು ಯುವಕನನ್ನು ಪಕ್ಕಕ್ಕೆ ಕರೆದ. ಕೋಟು ಬಿಚ್ಚಿಸಿದ, ಬೂಟು ಬಿಚ್ಚಿಸಿದ, ಬೆಲ್ಟೂ ಬಿಚ್ಚಿಸಿದ. ಇಡೀ ಸಾಲು ಬಿಟ್ಟಕಣ್ಣಿನಿಂದ ನೋಡಿತು. ಸಿಕ್ಕಿದ್ದೇನು? ಒಂದು ಬಾಚಣಿಗೆ, ಒಂದು ಕರವಸ್ತ್ರ.

ಅದೇ ಹೊತ್ತಿಗೆ ಬೂದು ಬಣ್ಣದ ಕೋಟಿನ ಹೆಂಗಸೊಬ್ಬರು ಡಬ್ಬಿಯೊಂದನ್ನು ಹಿಡಿದು ಟೈಲರಮ್ಮನ ಬಳಿ ಬಂದರು. "ಅಮ್ಮ, ನನ್ನ ಬ್ಯಾಗು ತುಂಬಿಹೋಗಿದೆ. ನಮ್ಮ ತಂದೆಗೆ ಅಂತ ತಗೊಂಡ ಉಡುಗೊರೆ ಇದು. ನಿಮ್ಮ ಬ್ಯಾಗಲ್ಲಿ ಇಟ್ಕೊಂಡಿರಿ, ಆಚೆ ಕಡೆ ಇಸ್ಕೋತೀನಿ."

ಯಜಮಾನರು ತೋಳು ಹಿಡಿದೆಳೆದರು. "ಬೇಡ ಕಣೆ, ತಂಗಿ ಹೇಳಿದ್ಲಲ್ಲ?"

"ಆ ಕೋಟಿನ ಅಸ್ತರು ನೋಡಿದ್ರಾ? ಎಂಥ ಕೈಕೆಲಸ! ಇವರು ಅಂಥೋರಲ್ಲ." ಡಬ್ಬಿ ಬ್ಯಾಗಿನೊಳಗೆ ಹೋಯಿತು.

ಬ್ಯಾಗು ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಅಧಿಕಾರಿ ಡಬ್ಬಿ ಬಿಚ್ಚಿದರು. ಮೇಲೆ ಮಡಿಸಿದ ಶಾಲು, ಕೆಳಗೆ ಬೆಳ್ಳಿ ಹಿಡಿಯ ಚೂರಿ. ಟೈಲರಮ್ಮ ತಿರುಗಿ ನೋಡಿದರೆ ಬೂದು ಕೋಟಿನವರು ಆಗಲೇ ದೂರ ನಡೆದಿದ್ದರು. ಅದಕ್ಕೆ ಮೊದಲೇ ಇನ್ನೊಂದು ಸಾಲಿನಲ್ಲಿ ಅವರ ಬಳಿಯಿದ್ದ ಆ ಚೂರಿಯನ್ನು ಒಳಗೆ ಬಿಟ್ಟಿರಲಿಲ್ಲವಂತೆ. ದುಬಾರಿ ವಸ್ತು, ಎಸೆಯಲು ಮನಸ್ಸು ಬಾರದೆ ಇವರ ತಲೆಗೆ ಕಟ್ಟಿದ್ದರು. ಇದೆಲ್ಲ ಆಮೇಲೆ ತಿಳಿದದ್ದು.

ದಂಪತಿಯನ್ನು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿದರು. "ಪೊಲೀಸರು ಬರೋತನಕ ಎಲ್ಲೂ ಹೋಗೋ ಹಾಗಿಲ್ಲ" ಎಂದರು ಅಧಿಕಾರಿ.

"ಮಗಳು ಕಾಯ್ತಿದ್ದಾಳೆ ಸಾರ್. ನಾನು ಹೋಗದಿದ್ರೆ ಅವಳು ಆಪರೇಷನ್‌ಗೆ ಒಪ್ಪಲ್ಲ. ಆ ಡಬ್ಬಿ ನಮ್ಮದಲ್ಲ, ದೇವರಾಣೆ!"

"ಎಲ್ಲರೂ ಹಾಗೇ ಹೇಳ್ತಾರಮ್ಮ."

ಬಾಗಿಲು ತೆರೆಯಿತು. ಅದೇ ಗಡ್ಡದ ಯುವಕ.

"ಡಬ್ಬಿ ಇವರದ್ದಲ್ಲ. ಬೂದು ಕೋಟಿನ ಹೆಂಗಸು ಕೊಟ್ಟಿದ್ದು. ನನ್ನನ್ನ ಕೈ ಎತ್ತಿಸಿ ನಿಲ್ಲಿಸಿದ್ರಲ್ಲ, ಅಲ್ಲಿಂದ ನೋಡೋಕೆ ಬೇರೇನೂ ಇರಲಿಲ್ಲ. ಕ್ಯಾಮೆರಾದಲ್ಲೂ ಇರುತ್ತೆ, ನೋಡಿ."

"ಹಾಗಿದ್ರೆ ನೀವೂ ಕೂತ್ಕೊಳ್ಳಿ, ಹೇಳಿಕೆ ಬರ್ಕೋಬೇಕು" ಎಂದು ಅಧಿಕಾರಿ ಕ್ಯಾಮೆರಾ ನೋಡಲು ಹೋದರು. ಹೊರಗೆ ಯಾವುದೋ ವಿಮಾನಕ್ಕೆ ಕೊನೆಯ ಕರೆ ಕೂಗಿದರು. ಯುವಕ ಎದ್ದು ನಿಂತ, ಬಾಗಿಲು ನೋಡಿದ, ಮತ್ತೆ ಕೂತ.

"ನಿಂದೇನಪ್ಪ ಆ ವಿಮಾನ?" ಎಂದರು ಟೈಲರಮ್ಮ.

"ಹೌದು. ನಾಳೆ ಬೆಳಿಗ್ಗೆ ಕೆಲಸಕ್ಕೆ ಸಂದರ್ಶನ ಇತ್ತು. ಮುಂದಿನ ವಿಮಾನ ನಾಳೆ ಮಧ್ಯಾಹ್ನಕ್ಕೆ."

"ಈ ಕೋಟು..."

"ಅಪ್ಪಂದು. ಸಂದರ್ಶನಕ್ಕೆ ಹಾಕ್ಕೊಂಡು ಹೋಗೋಕೆ ನನ್ನ ಹತ್ರ ಬೇರೆ ಇಲ್ಲ."

ಟೈಲರಮ್ಮ ಚೀಲ ತಡಕಾಡಿದರು. "ಕೊಡಪ್ಪ, ಗುಂಡಿ ಹಾಕಿಕೊಡ್ತೀನಿ. ದಾರ ಇದೆ."

"ಬೇಡಮ್ಮ. ಗಾರ್ಡಿಗೆ ನೀವು ಹೇಳಿದ್ದು ನನಗೂ ಕೇಳಿಸ್ತು."

"ಕೇಳಿಸಿದ್ರೂ ನಮ್ಮ ಪರವಾಗಿ ಬಂದ್ಯಾ?"

"ನಿಮ್ಮ ಪರವಾಗಿ ಅಲ್ಲ. ನಾನು ಕಂಡಿದ್ದನ್ನ ಹೇಳಿದೆ. ನೀವು ಕಾಣದೇ ಇರೋದನ್ನ ಹೇಳಿದ್ರಿ."

ಕ್ಯಾಮೆರಾ ನೋಡಿದ ಮೇಲೆ ದಂಪತಿಯನ್ನು ಬಿಟ್ಟರು. ಯುವಕನ ವಿಮಾನ ಅಷ್ಟರಲ್ಲಿ ಹಾರಿಹೋಗಿತ್ತು; ಇವರು ಓಡುತ್ತಾ ಹೋಗಿ ತಮ್ಮ ವಿಮಾನ ಹತ್ತಿದರು. ಮಗಳ ಕೈ ಹಿಡಿದರು, ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಟೈಲರಮ್ಮನಿಗೆ ಆಸ್ಪತ್ರೆಯಲ್ಲೂ ನೆಮ್ಮದಿ ಇರಲಿಲ್ಲ. ಊರಿಗೆ ಬಂದವರೇ ನಾದಿನಿಯ ಮುಂದೆ ಎಲ್ಲವನ್ನೂ ಹೇಳಿ ಅತ್ತರು.

"ನೀವು ಪಿಸುಗುಟ್ಟಿದ್ದು ತಪ್ಪು ಅತ್ತಿಗೆ. ಅಷ್ಟಕ್ಕೇ ಎಲ್ಲರೆದುರು ಬಟ್ಟೆ ಬಿಚ್ಚಿಸಿದ್ದು ನಮ್ಮವರ ತಪ್ಪು. ಯಾಕೆ ಅಂತ ಅವನು ಕೇಳಬಹುದಿತ್ತು. ಮರೆಯಲ್ಲಿ ತಪಾಸಣೆ ಮಾಡಿ ಅನ್ನಬಹುದಿತ್ತು."

"ಆ ಗಡ್ಡ ಇಟ್ಕೊಂಡು ಯಾಕೆ ಅಂತ ಕೇಳಿದ್ರೆ ಬಿಡ್ತಿದ್ರೇನಮ್ಮ?" ಎಂದರು ಯಜಮಾನರು.

"ಅವನು ಕೇಳದಿದ್ರೆ ನಾನು ಕೇಳ್ತೀನಿ" ಎಂದು ಟೈಲರಮ್ಮ ಕಣ್ಣೊರೆಸಿಕೊಂಡರು. "ನನ್ನ ಸುಳ್ಳು ಮಾತು ನಂಬಿ ಒಬ್ಬನ ಮಾನ ಕಳೆದ್ರಿ ಅಂತ ನಾನೇ ದೂರು ಕೊಡ್ತೀನಿ. ನಡಿ, ಎಲ್ಲಿ ಕೊಡಬೇಕು ತೋರಿಸು." ಮೂವರೂ ಹೋಗಿ ಕೊಟ್ಟೂ ಬಂದರು.

ಆ ಯುವಕನಿಗೆ ಕೆಲಸ ಸಿಕ್ಕಿತೋ ಇಲ್ಲವೋ ನಮಗೆ ತಿಳಿಯದು. ದೊಗಳೆ ಕೋಟು ಕಂಡರೆ ಅವನೇ ಇರಬಹುದೇ ಎಂದು ಟೈಲರಮ್ಮ ಈಗಲೂ ಬೀದಿಗಿಳಿದು ನೋಡುತ್ತಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಾಳೆ ನೀವೂ ಆ ಸಾಲಿನಲ್ಲಿ ನಿಲ್ಲಬಹುದು. ಎಷ್ಟೇ ಒಳ್ಳೆಯವರಂತೆ ಕಂಡರೂ ಬೇರೆಯವರ ಸಾಮಾನು ಇಸ್ಕೋಬೇಡಿ. ತಪಾಸಣೆ ಎಲ್ಲರಿಗೂ ಒಂದೇ, ಮುಜುಗರಪಡದೆ ಸಹಕರಿಸಿ. ನಿಮ್ಮನ್ನು ಮಾತ್ರ ಪಕ್ಕಕ್ಕೆ ಕರೆದರೆ ಕಾರಣ ಕೇಳಿ. ನಿಮ್ಮ ಪಕ್ಕದವರನ್ನು ಕರೆದರೆ, ಅವರ ಪರವಾಗಿ ನೀವೂ ಮರ್ಯಾದೆಯಿಂದ ಕೇಳಿ. ಯಾರೋ ಬಿಟ್ಟುಹೋದ ಚೀಲ ಕಂಡರೆ ತಡಮಾಡದೆ ತಿಳಿಸಿ. ಕಂಡದ್ದನ್ನು ಹೇಳಿ. ಗಡ್ಡ, ಕೋಟು ನೋಡಿ ಕಾಣದ್ದನ್ನು ಊಹಿಸಿ ಹೇಳಬೇಡಿ.