ಮೊದಲ ಸಲ ನೋಡಿದ ಹಾಗೆ

ವೀಬ್ರೆನ್‌ಗೆ ಮಕ್ಕಳು ಸಿಗುತ್ತಿದ್ದದ್ದು ಹದಿನೈದು ದಿನಕ್ಕೊಂದು ಭಾನುವಾರ. ಅವನಿರುವುದು ದೇಶದ ಉತ್ತರದಲ್ಲಿ, ಫ್ರೀಸ್‌ಲ್ಯಾಂಡಿನ ಒಂದು ಕಾಲುವೆಯ ದಡದಲ್ಲಿ. ದೋಣಿ ಬಂದಾಗ ಸೇತುವೆ ಎತ್ತುವುದು, ದೋಣಿ ದಾಟಿದ ಮೇಲೆ ಇಳಿಸುವುದು ಅವನ ಕೆಲಸ. ಮಕ್ಕಳಿರುವುದು ದಕ್ಷಿಣದ ಬ್ರಾಬಾಂಟ್‌ನಲ್ಲಿ, ತಾಯಿ ಹಿಸ್ಕೆ ಮತ್ತು ಅವಳ ಹೊಸ ಸಂಗಾತಿ ಟೂನ್ ಜೊತೆ. ನಡುವೆ ಮೂರು ಗಂಟೆಯ ದಾರಿ.

ಆ ಭಾನುವಾರಗಳು ಅವನಿಗೆ ಒಗ್ಗಿರಲಿಲ್ಲ. ಈಜುಕೊಳ, ಆಟದ ಬಯಲು, ಬಳಿಕ ಎಲ್ಲಾದರೂ ಕರಿದ ಆಲೂಗಡ್ಡೆ. ಮಧ್ಯಾಹ್ನ ಎರಡಾಗುವಷ್ಟರಲ್ಲಿ ಮೂವರ ಮಾತೂ ಮುಗಿದಿರುತ್ತಿತ್ತು. ಒಮ್ಮೆ ಮಳೆ ಬಂತೆಂದು ಮಕ್ಕಳನ್ನು ಒಂದು ಗಂಟೆ ಮೊದಲೇ ಮನೆಗೆ ಬಿಟ್ಟಾಗ ಹಿಸ್ಕೆ ಗೋಡೆಯ ಗಡಿಯಾರದ ಕಡೆ ನೋಡಿದ್ದಳು. ಆ ನೋಟ ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅದಕ್ಕೇ ಈ ಸಲ ಎರಡು ವಾರ ಮೊದಲೇ ಯೋಚಿಸಿ, ಯಾರಿಗೂ ಹೇಳದೆ, ಕಥೆಗಳ ಕಾಡು ಎಂಬ ಮಕ್ಕಳ ಮನರಂಜನಾ ಉದ್ಯಾನಕ್ಕೆ ಟಿಕೆಟ್ ತೆಗೆದಿಟ್ಟಿದ್ದ.

"ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀಯ?" ಬಾಗಿಲಲ್ಲಿ ನಿಂತು ಹಿಸ್ಕೆ ಕೇಳಿದಳು.

"ಗುಟ್ಟು."

"ಸರಿ ಬಿಡು. ಸಿಟ್ಸೆಗೆ ಶೀತ ಆಗಿದೆ, ಟೋಪಿ ತೆಗೀಬೇಡ."

ಏಳು ವರ್ಷದ ನೈನ್ಕೆ, ಅವಳ ತಮ್ಮ ನಾಲ್ಕು ವರ್ಷದ ಸಿಟ್ಸೆ ಕಾರಿನ ಹಿಂದೆ ಕೂತರು. ಊರು ದಾಟಿ ಪೈನ್ ಮರಗಳ ಕಡೆಗೆ ತಿರುಗಿದಾಗ ರಸ್ತೆ ಬದಿಯಲ್ಲಿ ಮೊದಲ ಫಲಕ ಕಾಣಿಸಿತು. ವೀಬ್ರೆನ್ ಕನ್ನಡಿಯಲ್ಲಿ ಮಕ್ಕಳ ಮುಖವನ್ನೇ ನೋಡುತ್ತಿದ್ದ. ನೈನ್ಕೆ ಫಲಕ ಓದಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಏನೂ ಇರಲಿಲ್ಲ. ಸಿಟ್ಸೆ ಬಾಯಿ ತೆರೆಯುತ್ತಿದ್ದಂತೆ ಅವನ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದುಕೊಂಡಳು.

"ಕಥೆಗಳ ಕಾಡು," ಅಂದಳು. "ಹೈತ್, ನಾವು ಅಲ್ಲಿಗೆ ಹೋಗ್ತಿದ್ದೀವಾ? ನಿಜವಾಗ್ಲೂ?"

ಅಪ್ಪನನ್ನು ಹೈತ್ ಅನ್ನುವುದು ಉತ್ತರದವರು ಮಾತ್ರ. ಸಿಟ್ಸೆ ಆಗಲೇ ಮರೆತು ಪಪ್ಪ ಅನ್ನತೊಡಗಿದ್ದ, ಇವಳು ಬಿಟ್ಟಿರಲಿಲ್ಲ. ವೀಬ್ರೆನ್‌ನ ಎದೆ ತುಂಬಿ ಬಂತು. ಈ ಸಲ ಗೆದ್ದೆ ಅಂದುಕೊಂಡ.

ಅಕ್ಟೋಬರ್ ಆದ್ದರಿಂದ ಜನ ಅಷ್ಟೇನೂ ಇರಲಿಲ್ಲ. ಕಾಲುದಾರಿಯ ಮೇಲೆ ಒದ್ದೆ ಎಲೆ ಬಿದ್ದಿತ್ತು. ಬಂದವರೆಲ್ಲ ಗುಂಪು ಗುಂಪಾಗಿ ಬಂದಿದ್ದರು: ಅಜ್ಜಿ, ತಾತ, ಚಿಕ್ಕಮ್ಮ, ತಳ್ಳುಗಾಡಿಯಲ್ಲಿ ಮಲಗಿದ ಕೂಸು. ಯಾರೋ ಒಬ್ಬಾಕೆ ಅವನ ಕೈಗೆ ಫೋನ್ ಕೊಟ್ಟು, "ನಮ್ಮದೊಂದು ಫೋಟೋ ತೆಗೀತೀರಾ?" ಎಂದು ಕೇಳಿದಳು. ಅವನು ತೆಗೆದುಕೊಟ್ಟ. ನಿಮ್ಮದೂ ತೆಗೆಯಲಾ ಎಂದು ಅವಳು ಕೇಳಬಹುದೆಂದು ಒಂದೆರಡು ಕ್ಷಣ ಹಾಗೇ ನಿಂತಿದ್ದ. ಅವಳು ಕೇಳಲಿಲ್ಲ.

ಬಾವಿಯ ಕಟ್ಟೆಯ ಮೇಲೆ ಯಂತ್ರದ ಕಪ್ಪೆಯೊಂದು ಸೀನುತ್ತಿತ್ತು, ಸೀನಿದಾಗ ನೀರು ಚಿಮ್ಮುತ್ತಿತ್ತು. ನೈನ್ಕೆ ಕಿಲಕಿಲ ನಕ್ಕು ಹಿಂದೆ ಸರಿದಳು. ಅವಳು ಸರಿದದ್ದು ಕಪ್ಪೆ ಸೀನುವುದಕ್ಕಿಂತ ಸ್ವಲ್ಪ ಮೊದಲೇ ಅನ್ನುವುದು ವೀಬ್ರೆನ್‌ಗೆ ಆಗ ಹೊಳೆಯಲಿಲ್ಲ. ಅವನ ಅಂಗಿ ಮಾತ್ರ ನೆನೆಯಿತು. ಮುಂದೆ, ಕಲ್ಲುಬಂಡೆಯ ಹಿಂದಿನಿಂದ ಡ್ರ್ಯಾಗನ್ ತಲೆ ಎತ್ತುವ ಜಾಗದಲ್ಲಿ ಸಿಟ್ಸೆ ಎರಡೂ ಕಿವಿ ಮುಚ್ಚಿಕೊಂಡು ಕಾದು ನಿಂತ. ಬಂಡೆಯ ಹಿಂದೆ ಇನ್ನೂ ಏನೂ ಕದಲಿರಲಿಲ್ಲ.

"ಕಿವಿ ಯಾಕೆ ಮುಚ್ಕೊಂಡೆ ಮರಿ?"

ಸಿಟ್ಸೆ ಅಕ್ಕನ ಮುಖ ನೋಡಿದ.

"ಅವನಿಗೆ ಚಳಿ," ಅಂದಳು ನೈನ್ಕೆ.

ಆಮೇಲೆ ಕತ್ತಲೆ ಗುಹೆಯೊಳಗೆ ಹೋಗುವ ದೋಣಿ. ಮೂವರೂ ಒಂದೇ ಹಲಗೆಯ ಮೇಲೆ ಕೂತರು. ಒಳಗೆ ಎಲ್ಲೋ ತೋಳ ಊಳಿಟ್ಟ ಸದ್ದಾದಾಗ ಸಿಟ್ಸೆ ಅಳಲು ಶುರುಮಾಡಿದ. ವೀಬ್ರೆನ್ ಅವನನ್ನು ತೊಡೆಯ ಮೇಲೆ ಎಳೆದುಕೊಂಡ.

"ಹೆದರ್ಬೇಡ, ನಾನಿದ್ದೀನಿ."

"ಟೂನ್ ಮಧ್ಯೆ ಕೂರಿಸ್ತಾನೆ," ಸಿಟ್ಸೆ ಬಿಕ್ಕಿದ. "ಮಧ್ಯೆ ಕೂತ್ರೆ ತೋಳ ಬರಲ್ಲ."

ಕತ್ತಲೆಯಲ್ಲಿ ನೈನ್ಕೆ, "ಅವನು ಬೇರೆ ಯಾವುದೋ ದೋಣಿ ಬಗ್ಗೆ ಹೇಳ್ತಿದ್ದಾನೆ ಹೈತ್," ಅಂದಳು.

"ಹೌದಾ," ಅಂದ ವೀಬ್ರೆನ್.

ದೋಣಿ ಬೆಳಕಿಗೆ ಬರುವಷ್ಟರಲ್ಲಿ ಅವನಿಗೆ ಎಲ್ಲವೂ ಅರ್ಥವಾಗಿತ್ತು. ಕಾರಿನಲ್ಲಿ ಅದುಮಿ ಹಿಡಿದ ಕೈ, ಕಪ್ಪೆ, ಡ್ರ್ಯಾಗನ್, ಬೆಳಿಗ್ಗೆ ದಾರಿ ಕೇಳದೆಯೇ ಶೌಚಾಲಯದ ಕಡೆ ತಿರುಗಿದ ನೈನ್ಕೆಯ ಕಾಲು. ಟೂನ್ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಕ್ಕಳನ್ನು ಕರೆತಂದದ್ದು ತಪ್ಪೇನಲ್ಲ. ಇಲ್ಲಿಂದ ಅವರ ಮನೆಗೆ ಇಪ್ಪತ್ತು ನಿಮಿಷ, ಬರದೆ ಇರುತ್ತಾರೆಯೇ? ಇಷ್ಟೂ ತನಗೆ ಯಾಕೆ ಹೊಳೆಯಲಿಲ್ಲ ಅನ್ನಿಸಿತು.

ಮಕ್ಕಳನ್ನು ಮರದ ಬೆಂಚಿನ ಮೇಲೆ ಕೂರಿಸಿ, ಬೆಂಚಿನ ಪಕ್ಕದ ಅಂಗಡಿಯಲ್ಲೇ ಪ್ಯಾನ್‌ಕೇಕ್ ಕೊಳ್ಳಲು ಸಾಲಿನಲ್ಲಿ ನಿಂತ. ಬೆನ್ನ ಹಿಂದೆ ಮಗಳ ಮಾತು ಕೇಳಿಸಿತು.

"ಹೇಳ್ಬೇಡ ಅಂದ್ರೂ ಹೇಳಿಬಿಟ್ಟೆ. ದಡ್ಡ."

"ನಾನು ದಡ್ಡ ಅಲ್ಲ."

"ಹೈತ್ ಎಷ್ಟು ದೂರದಿಂದ ಬರ್ತಾರೆ ಗೊತ್ತಾ? ಕತ್ತಲೆ ಇರುವಾಗ್ಲೇ ಏಳ್ತಾರೆ. ನಾವು ಮೊದಲ ಸಲ ನೋಡ್ತಿದ್ದೀವಿ ಅಂದ್ಕೊಂಡಿದ್ದಾರೆ. ಇನ್ನು ದೈತ್ಯ ಒಬ್ಬ ಬಾಕಿ ಇದ್ದಾನೆ. ಅವನು ಎದ್ದಾಗ ನೀನು ಜೋರಾಗಿ ಕೂಗ್ಬೇಕು. ಆಯ್ತಾ?"

"ಎಷ್ಟು ಜೋರಾಗಿ?"

"ನಿಂಗೆ ಗೊತ್ತಿಲ್ದೇ ಇದ್ದಿದ್ರೆ ಕೂಗ್ತಿದ್ದೆಯಲ್ಲ, ಅಷ್ಟು."

ಅಂಗಡಿಯವಳು ಎರಡು ಸಲ ಕೇಳಿದ ಮೇಲೆ ವೀಬ್ರೆನ್ ತಲೆ ಎತ್ತಿದ. "ಸಕ್ಕರೆ ಹಾಕ್ಲಾ, ಜೇನು ಹಾಕ್ಲಾ?" ಅವನು ಸಕ್ಕರೆ ಅಂದ. ಮೂರು ಗಂಟೆ ಕಾರು ಓಡಿಸಿದವನು ತಾನು, ಆದರೆ ದಿನವಿಡೀ ದುಡಿಯುತ್ತಿದ್ದವಳು ಆ ಏಳು ವರ್ಷದ ಹುಡುಗಿ. ಇಂಥ ಭಾನುವಾರಗಳು ಇನ್ನೆಷ್ಟು ಕಳೆದಿವೆಯೋ. ಈಜುಕೊಳದಲ್ಲಿ ನಕ್ಕದ್ದು, ಅಂದು ಮಳೆಯಲ್ಲಿ ಮನೆಗೆ ಹೋಗುವಾಗ "ತುಂಬಾ ಚೆನ್ನಾಗಿತ್ತು" ಅಂದದ್ದು, ಯಾವುದು ನಿಜ, ಯಾವುದು ತನಗೋಸ್ಕರ?

ಬೆಂಚಿನ ಮೇಲೆ ಕೂತು, ತಟ್ಟೆಯನ್ನು ನಡುವೆ ಇಟ್ಟು ಕೇಳಿದ. "ನೈನ್ಕೆ, ಇಲ್ಲಿಗೆ ಎಷ್ಟು ಸಲ ಬಂದಿದ್ದೀರಿ?"

"ಇದೇ ಮೊದಲು."

"ನಂಗೆ ಗೊತ್ತಾಯ್ತು ಪುಟ್ಟಿ. ಪರವಾಗಿಲ್ಲ."

ಅವಳು ಪ್ಯಾನ್‌ಕೇಕಿನ ಅಂಚನ್ನು ಚೂರು ಚೂರು ಮಾಡುತ್ತ ಕೂತಳು. "ಗೊತ್ತಿಲ್ಲ," ಅಂದಳು ಕೊನೆಗೆ. "ತುಂಬಾ ಸಲ. ನಮ್ಮತ್ರ ವರ್ಷದ ಪಾಸ್ ಇದೆ."

ವೀಬ್ರೆನ್‌ಗೆ ನಗು ಬಂತು. ತಡೆಯಲು ಹೋಗಿ ಕೆಮ್ಮಿದ. ನೈನ್ಕೆ ಅವನು ಅಳುತ್ತಿದ್ದಾನೆಂದುಕೊಂಡು ತಾನೇ ಅಳತೊಡಗಿದಳು. ಅವನು ಅವಳ ತಲೆಯನ್ನು ಎದೆಗೊತ್ತಿಕೊಂಡು ಕೂತ. ಸಿಟ್ಸೆ ಇದೇ ಸಮಯವೆಂದು ಅಕ್ಕನ ಪಾಲಿನ ಪ್ಯಾನ್‌ಕೇಕನ್ನೂ ತಿಂದ.

"ನಂಗೇ ಇದು ಮೊದಲ ಸಲ," ಅಂದ ವೀಬ್ರೆನ್. "ನಿಮಗೆಲ್ಲ ಗೊತ್ತು, ನಂಗೇನೂ ಗೊತ್ತಿಲ್ಲ. ನೀವೇ ನಂಗೆ ತೋರಿಸಿ."

"ಕಪ್ಪೆ ಹತ್ರ ನೆನೆದುಬಿಟ್ಟೆ ನೀನು," ಎಂದು ಸಿಟ್ಸೆ ಬಾಯಿ ತುಂಬಿಕೊಂಡೇ ಹೇಳಿದ. "ಕೆಂಪು ಕಲ್ಲಿನ ಮೇಲೆ ನಿಂತ್ರೆ ನೆನೆಯಲ್ಲ. ಎಲ್ರಿಗೂ ಗೊತ್ತು."

ಅಲ್ಲಿಂದ ಒಂದು ಗಂಟೆ ಸಿಟ್ಸೆಯೇ ಮುಂದಾಳು. ಯಾವ ಬಾಗಿಲು ಬರಿ ಬಣ್ಣ, ಯಾವುದು ತೆರೆಯುತ್ತದೆ, ಯಾವ ಮುದುಕಿಯ ಮೂಗು ಹಿಡಿದರೆ ಬೈಯುತ್ತಾಳೆ, ಎಲ್ಲ ತೋರಿಸಿದ. ದೈತ್ಯನ ಹಿಂದೆ ಬೇಲಿಯ ಸಂದಿಯಿಂದ ಅವನನ್ನು ಏಳಿಸುವ ಸರಪಳಿ, ತೂಕದ ಕಲ್ಲು ಕಾಣುತ್ತಿದ್ದವು. ತನ್ನ ಸೇತುವೆಯೂ ಹೀಗೇ ಏಳುವುದು ಎಂದು ವೀಬ್ರೆನ್ ಹೇಳಿದ. ಸಿಟ್ಸೆ, "ನಿನ್ನ ಸೇತುವೆ ಗುರ್ ಅನ್ನುತ್ತಾ?" ಎಂದು ಕೇಳಿದ. ಇಲ್ಲ ಅಂದಾಗ ಅವನಿಗೆ ಆಸಕ್ತಿ ಹೋಯಿತು. ದೈತ್ಯ ಎದ್ದಾಗ ಯಾರೂ ಕೂಗಲಿಲ್ಲ.

ಐದು ಗಂಟೆಗೆ ಮಕ್ಕಳನ್ನು ಮನೆಗೆ ಬಿಟ್ಟ. ಸಿಟ್ಸೆ ಶೂ ಕೂಡ ಬಿಚ್ಚದೆ, "ಟೂನ್, ಟೂನ್," ಎಂದು ಕೂಗುತ್ತ ಒಳಗೆ ಓಡಿದ.

"ಎಲ್ಲಿಗೆ ಹೋಗಿದ್ರಿ?" ಹಿಸ್ಕೆ ಕೇಳಿದಳು.

"ಕಥೆಗಳ ಕಾಡಿಗೆ."

"ಅಲ್ಲಿಗಾ? ಒಂದು ಮಾತು ಹೇಳಿದ್ರೆ ಪಾಸ್ ಕೊಟ್ಟಿರ್ತಿದ್ದೆ."

"ನಾನು ನೋಡಿರ್ಲಿಲ್ಲ," ಅಂದ ವೀಬ್ರೆನ್. "ಮಕ್ಕಳು ತೋರಿಸಿದ್ರು."

ನೈನ್ಕೆ ಬಾಗಿಲ ಚೌಕಟ್ಟಿಗೆ ಒರಗಿ ಇಬ್ಬರ ಮುಖವನ್ನೂ ಒಬ್ಬರಾದ ಮೇಲೆ ಒಬ್ಬರದು ನೋಡುತ್ತಿದ್ದಳು. ಒಳಗಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಅವನು ಅವಳ ಹಣೆಗೆ ಮುತ್ತು ಕೊಟ್ಟು ಕಾರು ಹತ್ತಿದ. ಉತ್ತರಕ್ಕೆ ಮರಳುವ ದಾರಿಯಲ್ಲಿ, ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ಉದ್ದನೆಯ ಕಟ್ಟೆಯ ಮೇಲೆ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಕೂತ. ಹಿಂದಿನ ಸೀಟಿನ ತುಂಬ ಮಕ್ಕಳ ಬಟ್ಟೆಯಿಂದ ಉದುರಿದ ಪ್ಯಾನ್‌ಕೇಕಿನ ಸಕ್ಕರೆ ಚೆಲ್ಲಿತ್ತು. ಒರೆಸುವ ಮನಸ್ಸಾಗಲಿಲ್ಲ.

ಹತ್ತು ದಿನ ಕಳೆದು, ಬುಧವಾರ ಸಂಜೆ, ಅವನು ಫೋನ್ ಮಾಡಿ ನೈನ್ಕೆಯನ್ನು ಕೇಳಿದ. "ಈ ಭಾನುವಾರ ಏನು ಮಾಡೋಣ? ನೀನೇ ಹೇಳು. ನಿಜ ಹೇಳ್ಬೇಕು."

ಆ ಕಡೆ ಅವಳು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಭಾನುವಾರ ನನ್ನ ಗೆಳತಿ ಫ್ಲೂರ್ ಹುಟ್ಟುಹಬ್ಬ ಇದೆ," ಅಂದಳು. "ಕುದುರೆ ಸವಾರಿ ಇಟ್ಟಿದ್ದಾರೆ, ಸಿಟ್ಸೆನೂ ಕರೆದಿದ್ದಾರೆ. ನಂಗೆ ಅಲ್ಲಿಗೆ ಹೋಗ್ಬೇಕು ಅಂತ ಆಸೆ."

"ಹೋಗು ಮತ್ತೆ."

"ನಿಂಗೆ ಬೇಜಾರಾಯ್ತಾ?"

ಇಲ್ಲ ಅನ್ನುವ ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು.

"ಆಯ್ತು," ಅಂದ. "ಸ್ವಲ್ಪ ಬೇಜಾರಾಯ್ತು. ಆದ್ರೂ ಹೋಗು. ಆಮೇಲೆ ಫೋನ್ ಮಾಡಿ ಕುದುರೆ ಹೇಗಿತ್ತು ಹೇಳು."

"ಚೆನ್ನಾಗಿಲ್ದೇ ಇದ್ರೂ ಹೇಳ್ಲಾ?"

"ಅದನ್ನೇ ಹೇಳು."

ಅವಳು ಸರಿ ಅಂದು ಫೋನ್ ಇಟ್ಟಳು. ವೀಬ್ರೆನ್ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಹಾಕಿದ್ದ ಗುರುತನ್ನು ಹೊಡೆದುಹಾಕಿ, ಅಂದು ತಾನೇ ಸೇತುವೆ ಕೆಲಸಕ್ಕೆ ಬರುವುದಾಗಿ ಜೊತೆಯವನಿಗೆ ತಿಳಿಸಿದ.