ಮೇಷ್ಟ್ರ ವಿಮಾನ ನಿಲ್ದಾಣ

ಮೈದುನ ಕೂದಲಿಗೆ ಕೈ ಹಾಕಿ ಎಳೆದಾಗ ಅವಳು ಕೂತಿದ್ದ ಕುರ್ಚಿಯ ಸಮೇತ ಅಂಗಳಕ್ಕೆ ಮಗುಚಿಬಿದ್ದಳು. ಒಳಗೆ ಮೇಷ್ಟ್ರ ಹೆಣವನ್ನು ಇನ್ನೂ ಎತ್ತಿರಲಿಲ್ಲ. ಸುತ್ತ ಕೂತಿದ್ದವರು ತಮ್ಮ ಕಾಲು ಒಳಗೆಳೆದುಕೊಂಡರು, ಅಷ್ಟೆ. ಸಾವಿನ ಮನೆಯಲ್ಲಿ ಗಲಾಟೆ ಬೇಡವೆಂಬ ದೊಡ್ಡ ಮನಸ್ಸು ಅವರದು.

"ಸುಮ್ನೆ ಮನೆಗೆ ನಡಿ ಅತ್ತಿಗೆ. ಬಾಯಿ ಬಿಟ್ರೆ ನಿನ್ನನ್ನೂ ಇದೇ ಹೆಣದ ವ್ಯಾನಲ್ಲಿ ಕಳಿಸ್ತೀನಿ."

ಅವಳು ಬಟ್ಟೆ ಹೊಲಿಯುವವಳು. ಸಂಜೆ ಹೊತ್ತು ಮೇಷ್ಟ್ರ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದಳು. ಮೇಷ್ಟ್ರ ತಲೆ ಒಡೆದವನು ಅವಳ ಗಂಡ, ಲಾರಿ ಡ್ರೈವರು. ಆದರೆ ಅವರು ಜಾರಿ ಬಿದ್ದು ಸತ್ತರೆಂದು ಮೈದುನ ಊರೆಲ್ಲ ಡಂಗುರ ಸಾರಿ ಬಂದಿದ್ದ. ಅವಳ ಜೊತೆ ಕಲಿಯುತ್ತ ಕ್ಲಾಸಿನಲ್ಲೇ ಇದ್ದ ಬೇಕರಿಯವನೂ ನರ್ಸೂ ಸರಿಯಾಗಿ ನೋಡಲಿಲ್ಲವೆಂದು ನುಣುಚಿಕೊಂಡಿದ್ದರು. ಗೇಟಿನಾಚೆ ಪೊಲೀಸಿನವನು ಹೆಣ ಹೊರಡುವುದನ್ನೇ ಕಾಯುತ್ತಿದ್ದ. ಹೊರಟರೆ ಅವನ ಕೆಲಸ ಮುಗಿದಂತೆ. ಈಗ ಅವಳು ಹೇಳದಿದ್ದರೆ ಆ ಗಂಡನ ಮನೆಗೇ ವಾಪಸು ಹೋಗಿ ಬಾಳಬೇಕಿತ್ತು.

*

ಜೀವಮಾನದಲ್ಲಿ ವಿಮಾನ ಹತ್ತದ ಮೇಷ್ಟ್ರು, ಬೆಂಚುಗಳನ್ನು ಎಳೆದಾಡಿ ಕ್ಲಾಸನ್ನೇ ವಿಮಾನ ನಿಲ್ದಾಣ ಮಾಡುತ್ತಿದ್ದರು. ಮೇಜೇ ಕೌಂಟರು, ರಟ್ಟಿನ ಚೂರೇ ಟಿಕೆಟ್ಟು. ತಾವೇ ಅಧಿಕಾರಿಯಾಗಿ ಚೀಲ ಕಿತ್ತು ಸುರಿದು, ಮೇಜು ಗುದ್ದಿ, ಯಾರ ಜೊತೆ ಹೊರಟೆ ಎಂದು ಇಂಗ್ಲಿಷಿನಲ್ಲಿ ಅಬ್ಬರಿಸುತ್ತಿದ್ದರು. ಹೊರಗಿನ ಜನ ನಯವಾಗಿ ಕೇಳುವುದಿಲ್ಲ, ಬೈಸಿಕೊಳ್ಳುತ್ತಲೇ ಮಾತಾಡಲು ಬರಬೇಕು ಎಂಬುದು ಅವರ ವಾದ. ತಡವರಿಸಿದವರು ವಾಕ್ಯವನ್ನು ಮೊದಲಿನಿಂದ ಹೇಳಬೇಕು. ಒಮ್ಮೊಮ್ಮೆ ಯಾರಿಗೂ ತಿಳಿಸದೆ ಪರಿಚಯದ ಆಟೋದವನನ್ನೋ ಪೇಪರಿನವನನ್ನೋ ಕರೆತಂದು ಕೂಗಾಡಿಸುವುದೂ ಇತ್ತು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಆ ಸಂಜೆ ಅವಳ ಸರದಿ. ಕಿಟಕಿಯಲ್ಲಿ ಇಣುಕಿದ ಗಂಡನಿಗೆ ಕಂಡದ್ದು ಹೆಂಡತಿಯ ಕೈಯ ಚೀಲ ಮತ್ತು ಟಿಕೆಟ್ಟು. ತನ್ನನ್ನು ಬಿಟ್ಟು ಹೊರಟಳೆಂದೇ ಅವನ ಮೈ ಉರಿದುಹೋಯಿತು. ಚೀಲದಲ್ಲಿದ್ದದ್ದು ಬರೀ ಬಟ್ಟೆಚೂರು. ಹೋಗಲು ಪಾಪ ಅವಳಿಗೆ ಊರಾದರೂ ಎಲ್ಲಿತ್ತು?

ಲಾರಿಯ ಕಬ್ಬಿಣದ ರಾಡು ಹಿಡಿದು, ಬಾಯಿಗೆ ಬಂದಂತೆ ಬೈಯುತ್ತ ಒಳನುಗ್ಗಿದ. ಇದೂ ಮೇಷ್ಟ್ರ ಏರ್ಪಾಡೆಂದು ಕ್ಲಾಸು ಕೂತೇ ಇತ್ತು. ಬೇಕರಿಯವನು ಚಪ್ಪಾಳೆ ತಟ್ಟಿದ. ಮೊದಲ ಏಟಿಗೆ ಮೇಷ್ಟ್ರು ಮೇಜಿನ ಮೇಲೆ ಬೋರಲಾದಾಗ, ಎಷ್ಟು ಚೆನ್ನಾಗಿ ಮಾಡ್ತಾರೆ ಎಂದು ನರ್ಸು ನಕ್ಕಳು. ಗಂಡನ ಗುರುತು ಹಿಡಿದು ಕಿರುಚಿದವಳು ಅವಳೊಬ್ಬಳೇ. ಮತ್ತೆರಡು ಏಟಿಗೆ ತಲೆ ಬಿರಿದು ರಕ್ತ ಮುಂದಿನ ಬೆಂಚಿನವರ ಮುಖಕ್ಕೆ ಹಾರಿತು. ಆಗ ಎದ್ದರು. ಎದ್ದು ಓಡಿದರು.

*

ಹೆಣ ಎತ್ತುವ ಗಡಿಬಿಡಿಯಲ್ಲಿ ಅವಳು ಕೊಸರಿಕೊಂಡು ಗೇಟಿನಾಚೆ ಪೊಲೀಸಿನವನ ಮುಂದೆ ಹೋಗಿ ನಿಂತಳು.

"ಸರ್, ಮೇಷ್ಟ್ರನ್ನ ಹೊಡೆದಿದ್ದು..."

ಹಿಂದೆಯೇ ಬಂದ ಮೈದುನ ಕಪಾಳಕ್ಕೆ ಬಾರಿಸಿದ. ಅವಳು ಮೊದಲಿನಿಂದ ಶುರು ಮಾಡಿದಳು. ಈ ಸಲ ಮುಷ್ಟಿ ಬಿತ್ತು, ತುಟಿ ಸೀಳಿತು. ರಕ್ತ ಉಗುಳಿ ಮತ್ತೆ ಮೊದಲಿನಿಂದ ಹೇಳಿದಳು. "ಸರ್, ಮೇಷ್ಟ್ರನ್ನ ಹೊಡೆದಿದ್ದು ನನ್ನ ಗಂಡ. ನಾನು ಕಣ್ಣಾರೆ ನೋಡಿದೀನಿ."

ಪೊಲೀಸಿನವನು ಮೈದುನನನ್ನು ಗೇಟಿನೊಳಕ್ಕೆ ತಳ್ಳಿ, ನಾಳೆ ಸ್ಟೇಷನ್ನಿಗೆ ಬಂದರೆ ನೋಡೋಣ ಎಂದು ರಾಗ ಎಳೆದ. ನಾಳೆಯವರೆಗೆ ಇವಳು ಉಳಿದಿದ್ದರೆ ತಾನೆ!

ಅಷ್ಟರಲ್ಲಿ ಹೊತ್ತವರು ಗೇಟಿಗೆ ಬಂದಿದ್ದರು. ಮೇಷ್ಟ್ರ ಹೆಂಡತಿ ಬೆಳಗಿನಿಂದ ಇವಳ ಮುಖ ನೋಡಿರಲಿಲ್ಲ. ಇವಳಿಂದಲೇ ತನ್ನ ಮನೆ ಹಾಳಾಯಿತೆಂದು ಎಲ್ಲರೆದುರೇ ಶಪಿಸಿದ್ದಳು. ಈಗ ಆ ಒಡೆದ ತುಟಿಯನ್ನೇ ನೋಡಿದಳು.

"ಇಲ್ಲೇ ಇಳಿಸಿ," ಎಂದಳು. "ಅವಳು ಹೇಳಿದ್ದನ್ನ ಬರ್ಕೊಳ್ಳೋ ತನಕ ಇವರನ್ನ ಎತ್ತಕೂಡದು."

ಹೆಗಲು ಕೊಟ್ಟಿದ್ದ ಬೇಕರಿಯವನು ಇಳಿಸಲು ಮೊದಲು ಮಂಡಿಯೂರಿದ. ನಾನೂ ನೋಡಿದೆ ಸರ್ ಎಂದು ಅತ್ತ. ಹೆಣ ಗೇಟಿನ ಅಗಲಕ್ಕೂ ಅಡ್ಡ ಮಲಗಿತು. ಆಚೆ ಅವಳು, ಈಚೆ ಮೈದುನ. ಅವನು ದಾಟಲು ಒಂದು ಕಾಲೆತ್ತಿದ. ಮೇಷ್ಟ್ರ ಹೊಟ್ಟೆಯ ಮೇಲೆ ಹಾಗೇ ತೂಗುತ್ತಿದ್ದ ಆ ಚಪ್ಪಲಿಗಾಲನ್ನು ಅಂಗಳದವರೆಲ್ಲ ಒಬ್ಬೊಬ್ಬರಾಗಿ ಎದ್ದುನಿಂತು ನೋಡತೊಡಗಿದರು.