ಸೊಂಟದೆತ್ತರದ ಗೂಟ

"ಇಡು ಪುಟ್ಟಿ," ಎಂದು ರೂನೆ ಬಗ್ಗಿ ಪಿಸುಗುಟ್ಟಿದ. ತೂವಾ ಗುಲಾಬಿಯ ಕಡ್ಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಶವಪೆಟ್ಟಿಗೆಯ ಮುಂದೆ ಅವರಿಬ್ಬರೇ ನಿಂತಿದ್ದರು. ಹಿಂದೆ ಜನರ ಸಾಲು ಕಾಯುತ್ತಿತ್ತು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹೂವು. ಆಗಸ್ಟ್ ತಿಂಗಳ ಮೊದಲ ವಾರ, ಬೇಸಿಗೆಯ ಸೆಕೆ. ಚರ್ಚಿನ ಬಾಗಿಲುಗಳು ಹಾರುಹೊಡೆದಿದ್ದರೂ ಗಂಡಸರು ಟೈ ಸಡಿಲ ಮಾಡಿಕೊಳ್ಳುತ್ತಿದ್ದರು. ಆರು ವರ್ಷದ ತೂವಾ ಮಾತ್ರ ಹಿಮದಲ್ಲಿ ಹಾಕುವ ದಪ್ಪ ನೀಲಿ ಜಾಕೆಟ್ಟನ್ನು ಗದ್ದದವರೆಗೆ ಜಿಪ್ ಎಳೆದು ಹಾಕಿಕೊಂಡಿದ್ದಳು. ಅವಳ ಹಣೆಯ ಕೂದಲು ಬೆವರಿಗೆ ಅಂಟಿಕೊಂಡಿತ್ತು.

ರೂನೆ ತನ್ನ ಹೂವನ್ನಿಟ್ಟ. ತೀರಿಹೋದ ಹೆಂಡತಿ ಮೈಕೆನ್‌ಗೆ ಏನಾದರೂ ಹೇಳಬೇಕೆಂದು ಮೂರು ವಾರದಿಂದ ಅಂದುಕೊಂಡಿದ್ದ. ಈಗ ಪೆಟ್ಟಿಗೆಯನ್ನೊಮ್ಮೆ ಸವರಿ, ಮಗುವಿನ ಕೈ ಹಿಡಿದು ತಿರುಗಿದ. ಗುಲಾಬಿ ತೂವಾಳ ಮುಷ್ಟಿಯಲ್ಲೇ ಉಳಿಯಿತು.

ತಿರುಗಿದರೆ ಎದುರಿಗೇ ಎಬ್ಬಾ. ಮಕ್ಕಳನ್ನು ಸಾಕುಮನೆಗಳಿಗೆ ಕೊಡುವ ಸಮಾಜ ಕಲ್ಯಾಣ ಕಚೇರಿಯ ಹುಡುಗಿ, ಇಪ್ಪತ್ತೊಂಬತ್ತು ವರ್ಷ, ಈ ಎರಡೂವರೆ ವರ್ಷದಲ್ಲಿ ತೂವಾಳ ಕಡತ ಹಿಡಿದವರಲ್ಲಿ ನಾಲ್ಕನೆಯವಳು. ಅವಳ ಕಣ್ಣು ಜಾಕೆಟ್ಟಿನ ಮೇಲಿತ್ತು. ನೋಡಿಬಿಟ್ಟಳು, ಎಂದುಕೊಂಡು ರೂನೆ ಮಗುವನ್ನು ತನ್ನ ಹಿಂದಕ್ಕೆ ಸರಿಸಿದ. ಅರವತ್ತೊಂಬತ್ತು ವರ್ಷದ ಒಂಟಿ ಗಂಡಸಿನ ಮನೆಯಲ್ಲಿ ಮಗುವನ್ನು ಬಿಡಬಹುದೇ ಎಂದು ಕಚೇರಿ ಯೋಚಿಸುತ್ತಿತ್ತು. ಬುಧವಾರ ಎಬ್ಬಾ ಅದನ್ನೇ ಫೋನಿನಲ್ಲಿ ಹೇಳಿದ್ದಳು. ರೂನೆಗೆ ಕಿವಿ ಮಂದ, ಫೋನಿನ ದನಿ ಜೋರಾಗಿಟ್ಟಿದ್ದ. ಗುರುವಾರ ಬೆಳಿಗ್ಗೆ ತೂವಾ ಜಾಕೆಟ್ ಹಾಕಿಕೊಂಡೇ ತಿಂಡಿಗೆ ಬಂದಳು. ಅಂದಿನಿಂದ ತೆಗೆದಿಲ್ಲ.

*

ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮೀನು ಕರಿದ ಮೈಕೆನ್‌ಗೆ ಮಕ್ಕಳನ್ನು ಸಾಕುವುದರ ಬಗ್ಗೆ ಇದ್ದ ಸಿದ್ಧಾಂತ ಒಂದೇ: ಮಗು ಬರುವ ಮೊದಲು ಗೂಟ ಬರಬೇಕು. ಕಚೇರಿಯಿಂದ ಫೋನ್ ಬಂದ ದಿನವೇ ರೂನೆ ಹೊಸಿಲಿನ ಒಳಗಿನ ಗೋಡೆಗೆ, ಸೊಂಟದೆತ್ತರದಲ್ಲಿ, ಮಗುವಿನ ಕೋಟಿಗೆಂದು ಒಂದು ಮರದ ಗೂಟ ಹೊಡೆಯಬೇಕು. ಅದರ ಮೇಲೊಂದು ಚಿತ್ರ ಅಂಟಿಸಬೇಕು. ಮಗು ವಾಪಸು ಹೋದರೂ ಗೂಟ ಕೀಳುವ ಹಾಗಿಲ್ಲ. ಇಪ್ಪತ್ತನಾಲ್ಕು ವರ್ಷಕ್ಕೆ ಹನ್ನೊಂದು ಗೂಟಗಳಾಗಿದ್ದವು. ಟ್ರ್ಯಾಕ್ಟರ್, ದೋಣಿ, ಮುಳ್ಳುಹಂದಿ, ಹೀಗೆ. ಕೊನೆಯದು ನರಿ, ತೂವಾಳದು.

ಫೆಬ್ರವರಿಯಲ್ಲಿ ಬಂದ ತೂವಾ ಆಗ ಮೂರೂವರೆ ವರ್ಷದವಳು. ಅದಕ್ಕೆ ಮೊದಲು ಮೂರು ಮನೆ ನೋಡಿದ್ದಳು. ನರಿಯನ್ನು ನೋಡಿದಳು, ಜಾಕೆಟ್ ತೆಗೆಯಲಿಲ್ಲ. ಮೈಕೆನ್ ತೆಗೆ ಅನ್ನಲಿಲ್ಲ. ಒಳಗೆ ಹೋಗಿ ತನ್ನ ಕಂದು ಬಣ್ಣದ ಕೋಟು ಹಾಕಿಕೊಂಡು ಬಂದು ಊಟಕ್ಕೆ ಕೂತಳು.

"ನಿಂಗೇನು ಹುಚ್ಚಾ?" ಎಂದ ರೂನೆ. "ತೋಳೆಲ್ಲ ಸೂಪಲ್ಲಿ ಅದ್ದಿದೆ ನೋಡು."

"ಅವಳೊಬ್ಬಳೇ ಹೊರಡೋಳ ಥರ ಕೂತಿರೋದು ಬೇಡ. ನೀನೂ ಹಾಕ್ಕೋ."

"ನಾನು ಹಾಕಲ್ಲಪ್ಪ. ನನ್ನ ಮನೇಲಿ ನಾನು ಅಂಗೀಲೇ ಊಟ ಮಾಡೋದು."

ಹತ್ತೊಂಬತ್ತು ದಿನ ಮೈಕೆನ್ ಕೋಟು ಹಾಕಿಕೊಂಡೇ ಉಂಡಳು. ರೂನೆ ಆಡಿಕೊಂಡು ನಗುತ್ತಿದ್ದ. ಇಪ್ಪತ್ತನೆಯ ದಿನ ತೂವಾ ಊಟದ ನಡುವೆ ಎದ್ದು ಹೋಗಿ ಜಾಕೆಟ್ಟನ್ನು ನರಿಯ ಗೂಟಕ್ಕೆ ನೇತುಹಾಕಿ ಬಂದಳು. ಆಮೇಲೆ "ಆಲೂಗಡ್ಡೆ" ಎಂದಳು. ಅದು ಆ ಮನೆಯಲ್ಲಿ ಅವಳ ಮೊದಲ ಮಾತು. ಮೈಕೆನ್ ಆಲೂಗಡ್ಡೆ ಬಡಿಸಿ, ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಅತ್ತಳು.

ಆ ಮನೆಯೊಳಗೆ ತೂವಾ ಅಂದಿನಿಂದ ಅರಳು ಹುರಿದಂತೆ ಮಾತಾಡಿದಳು. ಹೊಸಿಲು ದಾಟಿದರೆ ಮಾತ್ರ ಒಂದಕ್ಷರವೂ ಇಲ್ಲ.

*

"ಅಂಗಡಿ ಕೇಕು ತರಿಸಿದೀಯ," ಎಂದಳು ಡಾಗ್ನಿ, ಸೀಗಡಿ, ಮೊಟ್ಟೆ ಹೇರಿದ ಬ್ರೆಡ್ಡಿನ ಕೇಕನ್ನು ಕತ್ತರಿಸುತ್ತ. ಮೈಕೆನ್‌ಳ ಅಕ್ಕ, ಎಪ್ಪತ್ತಮೂರು. "ನನ್ನ ತಂಗಿ ನೋಡಿದ್ರೆ ಪೆಟ್ಟಿಗೆಯಿಂದ ಎದ್ದು ಬಂದು ತಾನೇ ಮಾಡೋಳು."

"ಅದಕ್ಕೇ ತರಿಸಿದ್ದು," ಎಂದ ರೂನೆ.

ಡಾಗ್ನಿ ನಕ್ಕು, ಅದೇ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

ಚರ್ಚಿನಿಂದ ಕಾಫಿಗೆ ಬಂದವರು ಮೂವತ್ತು ಜನ. ಸೆಕೆಗೆ ಕಳಚಿದ ಸೂಟಿನ ಕೋಟುಗಳಿಂದ ದೊಡ್ಡವರ ಗೂಟಗಳು ತುಂಬಿಹೋಗಿ, ಉಳಿದವು ಕೆಳಗಿನ ಸಾಲಿಗೆ ಇಳಿದಿದ್ದವು. ಅವುಗಳ ಅಂಚು ಕೆಳಗಿನ ಬೂಟುಗಳಿಗೆ ತಾಗುತ್ತಿತ್ತು. ನರಿಯ ಗೂಟಕ್ಕೆ ಯಾರೂ ಕೈ ಹಾಕದಂತೆ ಡಾಗ್ನಿ ನೋಡಿಕೊಂಡಿದ್ದಳು. ಅದರ ಕೆಳಗಿನ ಬೆಂಚಿನ ಮೇಲೆ, ಬೂಟುಗಳ ನಡುವೆ, ತೂವಾ ಕೂತಿದ್ದಳು.

ಅವರಿಗೆ ಬೇರೆ ಯಾರ ಪರಿಚಯವೂ ಇಲ್ಲವೆಂದು ಡಾಗ್ನಿ ತೂವಾಳ ವಿಚಾರ ನೋಡಿಕೊಳ್ಳುವ ಮೂವರನ್ನೂ ಕಿಟಕಿಯ ಮೇಜಿಗೆ ಕೂರಿಸಿದ್ದಳು. ಎಬ್ಬಾ, ಶಿಶುವಿಹಾರದ ಟೀಚರ್ ಮೆರ್ಯೆಮ್, ಶಾಲೆಯಲ್ಲಿ ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಮೇಷ್ಟ್ರು ಸಿಕ್ಸ್ತೆನ್. ರೂನೆ ಕಾಫಿ ಪಾತ್ರೆ ಹಿಡಿದು ಬಂದವನು ಅವರನ್ನು ನೋಡಿ ನಿಂತುಬಿಟ್ಟ. ಮಗುವನ್ನು ಶಾಲೆಗೆ ಹೇಗೆ ಅಣಿ ಮಾಡುವುದೆಂದು ಈ ಮೂರೂ ಕಡೆಯವರು ಒಟ್ಟಿಗೆ ಕೂತು ಮಾತಾಡಬೇಕಿತ್ತು. ಮೈಕೆನ್ ಚಳಿಗಾಲದಿಂದ ನಾಲ್ಕು ಸಲ ದಿನ ಗೊತ್ತು ಮಾಡಿಸಿದ್ದಳು. ಒಂದು ಸಲ ಒಬ್ಬರು ಕೆಲಸ ಬಿಟ್ಟರು, ಒಂದು ಸಲ ಒಬ್ಬರಿಗೆ ಜ್ವರ, ಎರಡು ಸಲ ಹೆತ್ತ ತಾಯಿಯ ಒಪ್ಪಿಗೆ ಪತ್ರಕ್ಕೆ ಸಹಿ ಬರಲಿಲ್ಲ. ಆ ಸಹಿ ಇಲ್ಲದೆ ಒಂದು ಕಚೇರಿ ಇನ್ನೊಂದಕ್ಕೆ ಮಗುವಿನ ಸುದ್ದಿ ಹೇಳಿದರೆ ಕಾನೂನು ಮುರಿದಂತೆ. ಈಗ ಮೂವರೂ ಒಂದೇ ಮೇಜಿನಲ್ಲಿ ಕೂತು ಸೀಗಡಿ ತಾಜಾ ಇದೆಯೆಂದು ಮಾತಾಡುತ್ತಿದ್ದರು. ರೂನೆಗೆ ಪಾತ್ರೆಯನ್ನು ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಕಾಫಿ ಬಗ್ಗಿಸಿದ.

ಸಿಕ್ಸ್ತೆನ್ ಅವನ ತೋಳು ಹಿಡಿದು ದನಿ ತಗ್ಗಿಸಿದ. "ಮೈಕೆನ್ ತುಂಬಿ ಕಳಿಸಿದ ಫಾರಂ ಓದಿದೆ. ಎಷ್ಟು ಚೊಕ್ಕ ಬರೆದಿದ್ರು! ಇಪ್ಪತ್ತಾರು ಮಕ್ಕಳಲ್ಲಿ ಒಂದಾದ್ರೂ ಸಲೀಸಾಯ್ತಲ್ಲ ಅಂತ ಸಮಾಧಾನ. ಜೊತೆಗೆ ಸಹಾಯಕರು ಯಾರೂ ಬೇಡ ಅಂತ ತೀರ್ಮಾನ ಆಗಿದೆ."

ಮೆರ್ಯೆಮ್ ಕೈಯಲ್ಲಿದ್ದ ಚಮಚ ನಿಂತಿತು. ಎರಡು ವರ್ಷದಲ್ಲಿ ಅವಳು ತೂವಾಳ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅದನ್ನೆಲ್ಲ ಬರೆದ ಅವಳ ವರದಿ, ಸಹಿಗೆ ಕಾಯುತ್ತ ಶಿಶುವಿಹಾರದ ಕಪಾಟಿನಲ್ಲಿ ಬೀಗದೊಳಗಿತ್ತು. ಅವಳು ರೂನೆಯ ಮುಖವನ್ನೇ ನೋಡಿದಳು. "ನಾನು ಹೇಳೋ ಹಾಗಿಲ್ಲ," ಎಂದಳು ಮೆಲ್ಲಗೆ. "ನೀವು ಹೇಳಬಹುದು."

*

ಏಪ್ರಿಲ್‌ನಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಶಾಲೆಯಿಂದ ಬಂದ ಹನ್ನೆರಡು ಪ್ರಶ್ನೆಗಳ ಫಾರಂ. ಮೈಕೆನ್‌ಗೆ ಆಗಲೇ ಕ್ಯಾನ್ಸರಿನ ಎರಡನೇ ಸುತ್ತಿನ ಚಿಕಿತ್ಸೆ ನಡೆದಿತ್ತು, ತಲೆಗೆ ಟೋಪಿ. ಗಟ್ಟಿಯಾಗಿ ಓದುವುದು ರೂನೆಯ ಕೆಲಸ.

"ಹೊಸಬರು ಹೆಸರು ಕೇಳಿದ್ರೆ ಹೇಳ್ತಾಳಾ?"

"ಹೌದು," ಎಂದು ಮೈಕೆನ್ ಗುರುತು ಹಾಕಿದಳು.

"ಗುಂಪಿನಲ್ಲಿ ಮಾತಾಡ್ತಾಳಾ?"

"ಹೌದು."

"ಮೈಕೆನ್, ಇದು ಸುಳ್ಳು ಕಣೆ."

ಅವಳು ಪೆನ್ನು ಕೆಳಗಿಟ್ಟಳು. "ಆಲ್ಬಿನ್ ನೆನಪಿದಾನಾ? ಟ್ರ್ಯಾಕ್ಟರ್ ಗೂಟದವನು? ಅವನಿಗೂ ಇಂಥದ್ದೇ ಬಂದಿತ್ತು. ನಾನು ಒಂದೂ ಬಿಡದೆ ನಿಜ ಬರೆದೆ. ಇವನಿಗೆ ವಿಶೇಷ ಆರೈಕೆ ಬೇಕು, ಸಾಮಾನ್ಯ ಮನೆ ಸಾಲದು ಅಂತ ಮುನ್ನೂರು ಕಿಲೋಮೀಟರ್ ಆಚೆ ಕಳಿಸಿದ್ರು. ಕಾರಿನ ಹಿಂದಿನ ಗಾಜಿಗೆ ಕೈ ಒತ್ತಿಕೊಂಡು ಹೋದ. ಕಳಿಸಿದ್ದು ಯಾರು? ನಾನೇ, ನನ್ನ ಅಕ್ಷರದಲ್ಲಿ."

"ಹೌದು ಅಂದ್ರೆ ಶಾಲೇಲಿ ಯಾರೂ ಸಹಾಯಕ್ಕೆ ಬರಲ್ಲ."

"ಗೊತ್ತು."

"ಇಲ್ಲ ಅಂದ್ರೆ?"

"ಅದೂ ಗೊತ್ತು," ಎಂದಳು ಮೈಕೆನ್. "ಮುಂದಿನ ಪ್ರಶ್ನೆ ಓದು."

*

ರೂನೆ ಕಾಫಿ ಪಾತ್ರೆಯನ್ನು ಕಿಟಕಿಯ ಮೇಲಿಟ್ಟ. ಹೊಸಿಲ ಕಡೆಯ ಬಾಗಿಲನ್ನು ಎಳೆದು ಮುಚ್ಚಿದ. ಆಮೇಲೆ ಚಮಚದಿಂದ ಬಟ್ಟಲಿಗೆ ತಟ್ಟಿದ. ಸತ್ತವರ ಬಗ್ಗೆ ನಾಲ್ಕು ಮಾತಾಡುವ ಹೊತ್ತು ಅದು. ಎಲ್ಲರೂ ಅವನ ಕಡೆ ತಿರುಗಿದರು. ಹುಟ್ಟಿದಾಗಿನಿಂದ ಅವನು ಸಭೆಯಲ್ಲಿ ಮಾತಾಡಿದವನಲ್ಲ.

"ಮೈಕೆನ್ ಬಗ್ಗೆ ಒಂದು ಮಾತು," ಎಂದ. "ಅವಳು ಸುಳ್ಳು ಹೇಳೋಳಲ್ಲ. ಡಾಗ್ನಿ ಹೊಲಿದ ಪರದೆ ಚೆನ್ನಾಗಿಲ್ಲ ಅಂತ ಡಾಗ್ನಿ ಎದುರಿಗೇ ಹೇಳಿದ್ಲು."

"ಹತ್ತು ವರ್ಷ ಹೇಳಿದ್ಲು," ಎಂದಳು ಡಾಗ್ನಿ. ಜನ ನಕ್ಕರು.

"ಒಂದೇ ಒಂದು ಸಲ ಸುಳ್ಳು ಬರೆದ್ಲು. ಒಂದು ಮಗು ಇತ್ತು. ಹೆಸರು ಹೇಳಲ್ಲ, ಹೇಳೋ ಹಾಗಿಲ್ವಂತೆ. ಆ ಮಗು ಮಾತಾಡುತ್ತಾ ಅಂತ ಕೇಳಿದ್ರು. ಹೌದು ಅಂತ ಬರೆದ್ಲು. ಮಾತಾಡಲ್ಲ. ಮನೆ ಬಿಟ್ರೆ ಎಲ್ಲೂ ಮಾತಾಡಲ್ಲ. ಹನ್ನೆರಡು ಪ್ರಶ್ನೇಲಿ ಏಳು ಸುಳ್ಳು. ನಾನು ಪಕ್ಕದಲ್ಲೇ ಕೂತಿದ್ದೆ." ಅವನು ಕಿಟಕಿಯ ಮೇಜಿನ ಕಡೆ ತಿರುಗಿದ. "ನಿಜ ಬರೆದ್ರೆ ಮಗೂನ ಕರ್ಕೊಂಡು ಹೋಗ್ತೀರಿ. ಸುಳ್ಳು ಬರೆದ್ರೆ ಅದು ಇಪ್ಪತ್ತಾರು ಮಕ್ಕಳ ಮಧ್ಯೆ ಮೂಗಿಯಾಗಿ ಕೂರುತ್ತೆ. ಯಾವುದು ಬರೀಬೇಕಿತ್ತು? ಅವಳಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ. ಕೇಕ್ ತಗೊಳ್ಳಿ."

ಅವನು ಕೂತ. ಯಾರೂ ಕೇಕ್ ತೆಗೆದುಕೊಳ್ಳಲಿಲ್ಲ. ಮೆರ್ಯೆಮ್ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಸಿಕ್ಸ್ತೆನ್ ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದ.

ಎಬ್ಬಾ ಎದ್ದು ಅವನ ಪಕ್ಕಕ್ಕೆ ಬಂದಳು. "ಕೇಳಿಸಿಕೊಂಡಿಲ್ಲ ಅನ್ನೋಕೆ ನನಗಾಗಲ್ಲ, ರೂನೆ. ಇದನ್ನ ಬರೀಲೇಬೇಕು."

"ಬರ್ಕೊಳ್ಳಮ್ಮ."

"ಗುರುವಾರ ನಮ್ಮ ಮೇಲಿನವರ ಜೊತೆ ಬರ್ತೀನಿ."

"ಕರ್ಕೊಂಡು ಹೋಗೋಕಾ?"

ಎಬ್ಬಾಳ ಕಣ್ಣಲ್ಲಿ ನೀರಾಡಿತು. "ನಂಗೊತ್ತಿಲ್ಲ," ಎಂದಳು. "ನಿಜವಾಗಲೂ ಗೊತ್ತಿಲ್ಲ."

"ಗುರುವಾರ ಎಷ್ಟು ಗಂಟೆಗೆ?" ಎಂದು ಸಿಕ್ಸ್ತೆನ್ ಹಿಂದಿನಿಂದ ಕೇಳಿದ. ಜೇಬಿನ ಪುಟ್ಟ ಡೈರಿ ಬಿಚ್ಚಿದ್ದ.

"ಒಪ್ಪಿಗೆ ಪತ್ರ ಇಲ್ಲದೆ ನೀವು..."

"ನಾನು ಕಾಫಿ ಕುಡಿಯೋಕೆ ಬರ್ತಾ ಇದೀನಿ. ಅದಕ್ಕೆ ಯಾರ ಸಹಿ ಬೇಕು?"

"ನಾನೂ ಬರ್ತೀನಿ," ಎಂದಳು ಮೆರ್ಯೆಮ್. "ಕೇಕ್ ಮನೇದೇ ತರ್ತೀನಿ."

"ಹತ್ತು ಗಂಟೆಗೆ," ಎಂದಳು ಎಬ್ಬಾ, ಯಾರ ಮುಖವನ್ನೂ ನೋಡದೆ.

*

ನಾಲ್ಕು ಗಂಟೆಗೆಲ್ಲ ಜನ ಚದುರಿದರು. ಬಗ್ಗಿ ಬಗ್ಗಿ ತಮ್ಮ ಕೋಟುಗಳನ್ನು ಆರಿಸಿಕೊಂಡರು. ಟ್ರ್ಯಾಕ್ಟರ್, ದೋಣಿ, ಮುಳ್ಳುಹಂದಿ ಒಂದೊಂದೇ ಮತ್ತೆ ಬೋಳಾದವು. ಡಾಗ್ನಿ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದಳು.

ತೂವಾ ಬೆಂಚಿನ ಮೇಲೆ ಇನ್ನೂ ಹಾಗೇ ಕೂತಿದ್ದಳು. ಗುಲಾಬಿ ಬಾಡಿ ತಲೆ ಬಗ್ಗಿಸಿತ್ತು. ಬಾಗಿಲ ಆಚೆಯಿಂದ ಎಷ್ಟು ಕೇಳಿಸಿತೋ ರೂನೆಗೆ ಗೊತ್ತಿರಲಿಲ್ಲ. ಗುರುವಾರಕ್ಕೆ ನಾಲ್ಕು ದಿನವಿತ್ತು. ಏನೂ ಆಗಲ್ಲ ಪುಟ್ಟಿ ಎಂದರೆ ಅದೂ ಸುಳ್ಳೇ.

ಕಪಾಟಿನ ತಳದಿಂದ ಹಿಮಕಾಲದ ತನ್ನ ಕೋಟನ್ನು ಎಳೆದ. ಅದು ನಾಫ್ತಲಿನ್ ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಕರಿ ಸೂಟಿನ ಮೇಲೆಯೇ ಅದನ್ನು ಹಾಕಿಕೊಂಡು, ಬೂಟುಗಳನ್ನು ಕಾಲಲ್ಲಿ ಸರಿಸಿ, ನರಿಯ ಖಾಲಿ ಗೂಟದ ಕೆಳಗೆ ಅವಳ ಪಕ್ಕ ಕೂತ. ಒಂದೇ ನಿಮಿಷಕ್ಕೆ ಬೆವರು ಕತ್ತಿನಿಂದ ಇಳಿಯಿತು. ಜಿಪ್ಪು ಎದೆಯ ಹತ್ತಿರ ಸಿಕ್ಕಿಕೊಂಡು ಮೇಲೆ ಬರಲೊಲ್ಲದು.

ತೂವಾ ಸ್ವಲ್ಪ ಹೊತ್ತು ಅವನು ಒದ್ದಾಡುವುದನ್ನು ನೋಡಿದಳು. ಆಮೇಲೆ ಗುಲಾಬಿಯನ್ನು ಅವನ ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಜಿಪ್ಪು ಹಿಡಿದು, ಅವನ ಗದ್ದದವರೆಗೆ ಎಳೆದಳು.